ತೂತು ಹೊಡೆಯದೆ ಮಡ್ ಫ್ಲಾಪ್: ನಮ್ಮೂರ ಪಿಕಪ್‌ಗೆ ಯಾವುದು ಸರಿ?

ಬಳ್ಳಾರಿಯಿಂದ ಸಿರುಗುಪ್ಪ ಕಡೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ನಾಟಿ ಟೈಮಿನಲ್ಲಿ ಬೈಕ್ ಓಡಿಸಿದವರಿಗೆ ಈ ಲೇಖನ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರು ಅಂದ್ರೆ ಗದ್ದೆ ಕೆಲಸ ಶುರು. ಕೇಜ್ ವ್ಹೀಲ್ ಹಾಕಿದ ಟ್ರ್ಯಾಕ್ಟರ್ ಗದ್ದೆಯಿಂದ ಎದ್ದು ರಸ್ತೆಗೆ ಬಂದ ಕಡೆಯೆಲ್ಲ ಡಾಂಬರಿನ ಮೇಲೆ ಎರೆಮಣ್ಣಿನ ಹೆಂಟೆ ಬಿದ್ದಿರುತ್ತವೆ. ಹಿಂದೆ ಬರೋ ಪಿಕಪ್ಪಿನ ಟೈರು ಅದನ್ನ ಎತ್ತಿಕೊಂಡು, ಅದರ ಹಿಂದೆ ಬರೋ ಬೈಕಿನವರ ಎದೆಗೋ ಮುಖಕ್ಕೋ ಎಸೆಯುತ್ತದೆ. ಕುರುಗೋಡು ಕಡೆ ಹೋದರೆ ರಸ್ತೆ ಅಂಚಿನ ಗರಸು ಮತ್ತು ಸಣ್ಣ ಕಲ್ಲು. ಬಳ್ಳಾರಿ ಸಿಟಿಯೊಳಗೆ ಮಳೆ ಬಂದ ದಿನ ಕೆಂಪು ಧೂಳು ಕಲಸಿದ ರಾಡಿ. ಊರು ಬೇರೆ, ಬೀಳೋ ವಸ್ತು ಬೇರೆ, ಎಸೆಯೋದು ಮಾತ್ರ ಅದೇ ಟೈರು.

ಇದನ್ನ ತಡೆಯೋದು ಟೈರಿನ ಹಿಂದೆ ನೇತಾಡೋ ಒಂದು ರಬ್ಬರ್ ತುಂಡು, ಮಡ್ ಫ್ಲಾಪ್. ಅಂಗಡಿಯಲ್ಲಿ ‘ಮಡ್‌ಗಾರ್ಡ್ ರಬ್ಬರ್’ ಅಂದ್ರೂ ತಿಳಿಯುತ್ತದೆ. ಆದ್ರೆ ಇದರಲ್ಲೊಂದು ತೊಡಕಿದೆ. ದುಡ್ಡು ಕೊಡೋದು ಗಾಡಿ ಮಾಲೀಕ, ಲಾಭ ಸಿಗೋದು ಹಿಂದೆ ಬರೋ ಅಪರಿಚಿತನಿಗೆ. ಬಾಡಿಗೆ ಓಡಿಸೋ ಮನುಷ್ಯ ಡೀಸೆಲ್, ಕಂತು, ಟೈರು ಅಂತ ಲೆಕ್ಕ ಹಾಕುವಾಗ ಹರಿದ ಫ್ಲಾಪು ಕಡೇ ಸಾಲಿಗೆ ಹೋಗುತ್ತದೆ. ಅದಕ್ಕೇ ಇದು ಅಗ್ಗವಾಗಿಯೂ ಇರಬೇಕು, ಗಾಡಿಗೆ ಗಾಯ ಮಾಡದಂತೆಯೂ ಇರಬೇಕು, ಅರ್ಧ ದಿನದ ದುಡಿಮೆ ಕೆಡಿಸದೆ ಹಾಕೋ ಹಂಗೂ ಇರಬೇಕು. ಈ ಮೂರೂ ಸಾಧ್ಯ ಅನ್ನೋದನ್ನ ನಾವಿಲ್ಲಿ ಲೆಕ್ಕ ಸಮೇತ ತೋರಿಸ್ತೀವಿ. ನಿಮ್ಮ ಮನೆಯಲ್ಲಿ ಪಿಕಪ್ ಇದ್ದರೆ ಅಪ್ಪಾಜಿಗೋ ಮಾವನಿಗೋ ಓದಿ ಹೇಳ್ರಿ.

ಕಲ್ಲು ಹಾರೋ ಲೆಕ್ಕ

ಟೈರಿನ ಗಾಡಿಯಲ್ಲಿ (ಗ್ರೂವ್ ಅಂತೀವಲ್ಲ, ಅಲ್ಲಿ) ಸಿಕ್ಕಿಕೊಂಡ ಕಲ್ಲು ಬಿಟ್ಟುಕೊಂಡ ಕ್ಷಣದಲ್ಲಿ ಸ್ಪರ್ಶಕದ ದಿಕ್ಕಿನಲ್ಲಿ ಹೊರಡುತ್ತದೆ. ಪಿಯುಸಿಯಲ್ಲಿ ಓದಿದ್ದೇ. ವಾಹನದಲ್ಲಿ ಕೂತು ನೋಡಿದರೆ ಅದರ ವೇಗ ವಾಹನದ ವೇಗದಷ್ಟೇ ಇರುತ್ತದೆ. ಗಂಟೆಗೆ 40 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 11 ಮೀಟರ್. ಅದೇ ವೇಗದಲ್ಲಿ ಹಿಂದೆ ಬರೋ ಬೈಕಿನವನಿಗೂ ಕಲ್ಲು ಹಂಗೇ ಕಾಣುತ್ತದೆ: ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ತನ್ನ ಕಡೆಗೇ ಬಂದ ಹಾಗೆ.

ಎಷ್ಟು ಎತ್ತರಕ್ಕೆ ಹಾರುತ್ತದೆ ಅನ್ನೋದು ಅದು ಟೈರಿನ ಯಾವ ಜಾಗದಿಂದ ಬಿಟ್ಟುಕೊಂಡಿತು ಅನ್ನೋದರ ಮೇಲೆ. ನೆಲಕ್ಕೆ ಹತ್ತಿರ ಬಿಟ್ಟರೆ ನೆಲಕ್ಕೆ ಸಮನಾಗಿ ಹೋಗುತ್ತದೆ. ಸ್ವಲ್ಪ ಮೇಲೆ ಹೋಗಿ ಬಿಟ್ಟರೆ ಕೋನ ಹೆಚ್ಚು, ಎತ್ತರವೂ ಹೆಚ್ಚು. ಫ್ಲಾಪಿನ ಕೆಲಸ ಹೆಚ್ಚು ಕೋನದವನ್ನು ತಡೆದು ನೆಲಕ್ಕೆ ಕೆಡವೋದು. ಅದರ ಕೆಳಗಿನ ಅಂಚಿನ ಅಡಿಯಿಂದ ನುಸುಳಿದ್ದಷ್ಟೇ ಹಿಂದಿನವರಿಗೆ ಬೀಳುತ್ತದೆ.

215/75 ಆರ್ 15 ಅಂತ ಬರೆದಿರೋ ಟೈರನ್ನು ತಗೊಳ್ಳೋಣ. ಇದರ ತ್ರಿಜ್ಯ ಸುಮಾರು 35 ಸೆಂ.ಮೀ. ಫ್ಲಾಪು ಚಕ್ರದ ನಡುವಿನಿಂದ 50 ಸೆಂ.ಮೀ. ಹಿಂದಿದೆ, ಅಂದ್ರೆ ಟೈರಿನ ಹಿಂಬದಿಯಿಂದ 15 ಸೆಂ.ಮೀ. ದೂರ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 40 ಕಿ.ಮೀ. ವೇಗದಲ್ಲಿ ಫ್ಲಾಪಿನಡಿ ನುಸುಳಿದ ಕಲ್ಲು ಏರಬಹುದಾದ ಅತಿ ಹೆಚ್ಚು ಎತ್ತರ ಹೀಗಿದೆ:

- ಫ್ಲಾಪಿನ ಅಂಚು ನೆಲದಿಂದ 30 ಸೆಂ.ಮೀ. ಮೇಲಿದ್ದರೆ: ಸುಮಾರು 2.5 ಮೀಟರ್
- 20 ಸೆಂ.ಮೀ. ಇದ್ದರೆ: ಸುಮಾರು 1.2 ಮೀಟರ್
- 15 ಸೆಂ.ಮೀ. ಇದ್ದರೆ: ಸುಮಾರು 0.7 ಮೀಟರ್

ನೋಡ್ರಿ, ಫ್ಲಾಪು 30ರಿಂದ 15ಕ್ಕೆ ಇಳಿದರೆ ಕಲ್ಲು ಬೈಕಿನವನ ತಲೆ ಮೇಲಿನಿಂದ ಹೆಡ್‌ಲೈಟಿನ ಕೆಳಕ್ಕೆ ಇಳಿಯುತ್ತದೆ. ಅರ್ಧ ಹರಿದುಹೋದ ಫ್ಲಾಪು ಅರ್ಧ ಕೆಲಸ ಮಾಡುತ್ತದೆ ಅನ್ನೋ ನಂಬಿಕೆ ಇಲ್ಲಿಗೆ ಸುಳ್ಳಾಯಿತು. ಅದು ಹೆಚ್ಚುಕಡಿಮೆ ಇಲ್ಲದ ಹಾಗೇ.

ವೇಗ ಹೆಚ್ಚಾದರೆ ಎತ್ತರ ವೇಗದ ವರ್ಗದಂತೆ ಏರುತ್ತದೆ. 60 ಕಿ.ಮೀ.ನಲ್ಲಿ 20 ಸೆಂ.ಮೀ. ಎತ್ತರದ ಫ್ಲಾಪಿನಡಿ ನುಸುಳಿದ ಕಲ್ಲು 2.6 ಮೀಟರ್‌ವರೆಗೆ, 15 ಸೆಂ.ಮೀ. ಇದ್ದರೆ ಸುಮಾರು ಒಂದೂವರೆ ಮೀಟರ್‌ವರೆಗೆ ಹೋಗಬಹುದು. ಇದಕ್ಕೆ ಇನ್ನೊಂದು ದಾರಿ ಫ್ಲಾಪನ್ನು ಹಿಂದಕ್ಕೆ ಸರಿಸೋದು. ಅದೇ 20 ಸೆಂ.ಮೀ. ಎತ್ತರದಲ್ಲೇ ಇಟ್ಟು, ಚಕ್ರದ ನಡುವಿನಿಂದ 80 ಸೆಂ.ಮೀ. ಹಿಂದೆ ಕಟ್ಟಿದರೆ 60 ಕಿ.ಮೀ.ನಲ್ಲೂ ಕಲ್ಲು ಒಂದು ಮೀಟರ್ ದಾಟೋದಿಲ್ಲ. ಆದರೆ ಹಿಂದೆ ಸರಿದಷ್ಟೂ ಕಾಲುವೆ ಏರಿ ಹತ್ತಿ ಇಳಿಯುವಾಗ ಅಂಚು ನೆಲಕ್ಕೆ ಉಜ್ಜುತ್ತದೆ, ಪಕ್ಕದಿಂದ ರಾಡಿ ಸಿಡಿಯೋ ಜಾಗವೂ ಹೆಚ್ಚುತ್ತದೆ. ಹಾಗಾಗಿ ನಡುವೆ ಒಂದು ಜಾಗ ಹುಡುಕಬೇಕು.

ತೂತು ಯಾಕೆ ಬೇಡ?

‘ಎರಡು ತೂತು ಹೊಡೆದು ಬೋಲ್ಟ್ ಬಿಗಿದರೆ ಹತ್ತು ನಿಮಿಷದ ಕೆಲಸ’ ಅನ್ನೋರಿದ್ದಾರೆ. ಹತ್ತು ನಿಮಿಷದ್ದೇ ನಿಜ. ಆದರೆ ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟು ಆಗುತ್ತದೆ ಅಂತ ಜರ್ಮನಿಯ ಕಿರ್ಷ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ತೂತು ಚಿಕ್ಕದಾದರೆ ಮೂರು ಪಟ್ಟು ಕಡಿಮೆಯಾಗೋದಿಲ್ಲ, ಅದೇ ಇರುತ್ತದೆ.

ಚಾಸಿಯ ಸಿ ಆಕಾರದ ಚಾನಲ್‌ನಲ್ಲಿ ಬಾಗುವಿಕೆಯ ಒತ್ತಡ ಅತಿ ಹೆಚ್ಚು ಇರೋದು ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ. ಹಿಂದಿನ ಚಕ್ರದಿಂದ ಆಚೆ ಚಾಚಿಕೊಂಡ ಭಾಗದ ಮೇಲೆ ಭತ್ತದ ಚೀಲ ಬಿದ್ದಾಗ ಮೇಲಿನ ಅಂಚು ಹಿಗ್ಗುತ್ತದೆ, ಗುಂಡಿ ಬಂದಾಗಲೆಲ್ಲ ಹಿಗ್ಗಿ ಕುಗ್ಗುತ್ತದೆ. ಅಲ್ಲೊಂದು ತೂತಿದ್ದರೆ ಸೀಳು ಶುರುವಾಗೋದು ಅಲ್ಲಿಂದಲೇ. ಒಂದೇ ದಿನಕ್ಕೆ ಏನೂ ಆಗೋದಿಲ್ಲ. ಲಕ್ಷಗಟ್ಟಲೆ ಸಲ ಅಲುಗಾಡಿದ ಮೇಲೆ ಆಗುತ್ತದೆ. ಫೆಟೀಗ್ ಅಂತ ನಾವು ಓದೋದು ಇದನ್ನೇ.

ಎರಡನೇ ಕಾರಣ ತುಕ್ಕು. ಡ್ರಿಲ್ ಬಿಟ್ಟು ಬಣ್ಣ ಹೋದ ಅಂಚಿಗೆ ನೀರು ಸಾಕು. ನಮ್ಮ ಕಡೆಯ ಪಿಕಪ್‌ಗಳು ಭತ್ತದ ಜೊತೆ ಗೊಬ್ಬರವನ್ನೂ ಹೊರುತ್ತವೆ. ಪೊಟ್ಯಾಷ್ ಗೊಬ್ಬರ, ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಒಂದು ಉಪ್ಪೇ. ಚೀಲದಿಂದ ಉದುರಿ ತೇವದ ಜೊತೆ ಸೇರಿದರೆ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಮೂರನೇದು ವಾರಂಟಿ. ಹೊಸ ಗಾಡಿಯ ಚಾಸಿಗೆ ಡ್ರಿಲ್ ಹೊಡೆದಿದ್ದು ಕಂಡರೆ ನಾಳೆ ಕ್ಲೇಮ್ ಮಾಡುವಾಗ ತಕರಾರು ಬರಬಹುದು. ಆಮೇಲೆ ಚಾಸಿ ಪಕ್ಕದಲ್ಲೇ ಬ್ರೇಕ್ ಪೈಪು, ವೈರಿಂಗ್ ಹೋಗಿರುತ್ತವೆ. ಕಾಣದ ಕಡೆ ಡ್ರಿಲ್ ಇಳಿಸೋದು ಅಂದ್ರೆ ಅಪಾಯವನ್ನು ಕರೆದು ಕೂರಿಸಿಕೊಂಡ ಹಾಗೆ.

‘ನೋ ಡ್ರಿಲ್’ ಅಂದ್ರೆ ಏನೇನು?

ಒಂದು: ಗಾಡಿಯಲ್ಲಿ ಕಂಪನಿಯವರೇ ಬಿಟ್ಟ ತೂತು, ಸ್ಕ್ರೂಗಳನ್ನು ಬಳಸಿ ಕೂರಿಸೋದು. ಮುಂದಿನ ಚಕ್ರದ ಕಮಾನಿಗೆ ಇದೇ ಸರಿ. ಆಯಾ ಮಾಡೆಲ್‌ಗೇ ಅಚ್ಚು ಹಾಕಿದ್ದು ತಗೊಳ್ಳಬೇಕು. ‘ಎಲ್ಲಾ ಗಾಡಿಗೂ ಆಗುತ್ತೆ’ ಅನ್ನೋದು ಯಾವ ಗಾಡಿಗೂ ಸರಿಯಾಗಿ ಕೂರೋದಿಲ್ಲ.

ಎರಡು: ಕ್ಲ್ಯಾಂಪ್. ಸಾಮಾನು ಹೊರೋ ತೊಟ್ಟಿಯ ಅಡಿಯಲ್ಲಿ ಅಡ್ಡಕ್ಕೆ ಹೋಗಿರೋ ಕಬ್ಬಿಣದ ಚಾನಲ್‌ನ ಅಂಚನ್ನು ಹಿಡಿದುಕೊಳ್ಳೋ ಬ್ರಾಕೆಟ್. ಅದಕ್ಕೆ ರಬ್ಬರ್ ನೇತುಹಾಕೋದು. ತೂತು ಬೀಳೋದು ರಬ್ಬರಿಗೆ, ಗಾಡಿಗಲ್ಲ.

ಮೂರು: ಎರಡೂ ಕಡೆ ಅಂಟೋ ಟೇಪು. ಇದು ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಊರು ನಮ್ಮದು, ಮೇಲೆ ಧೂಳು. ಅಂಟು ಬಿಟ್ಟು ಫ್ಲಾಪು ನಡುರಸ್ತೆಯಲ್ಲಿ ಬಿದ್ದರೆ ಹಿಂದಿನ ಬೈಕಿಗೆ ಕಲ್ಲಿಗಿಂತ ಅದೇ ಕೆಟ್ಟದ್ದು.

ಇಲ್ಲೊಂದು ಮುಖ್ಯ ವಿಷಯ. ಆನ್‌ಲೈನಲ್ಲಿ ‘ಪಿಕಪ್ ನೋ ಡ್ರಿಲ್ ಮಡ್ ಫ್ಲಾಪ್’ ಅಂತ ಹುಡುಕಿದರೆ ಸಿಗೋದರಲ್ಲಿ ಬಹಳಷ್ಟು ಅಮೆರಿಕ, ಥಾಯ್ಲೆಂಡ್ ಕಡೆಯ ಪಿಕಪ್‌ಗೆ ಮಾಡಿದ್ದು. ಆ ಗಾಡಿಗಳಿಗೆ ಹಿಂದೆಯೂ ಕಾರಿನ ಹಾಗೆ ಚಕ್ರದ ಮೇಲೆ ಕಮಾನಿರುತ್ತದೆ. ಇಲ್ಲಿ ಹೈಲಕ್ಸ್, ಡಿ-ಮ್ಯಾಕ್ಸ್ ವಿ-ಕ್ರಾಸ್ ಆ ಜಾತಿಯವು. ಬೊಲೆರೊ ಪಿಕಪ್, ದೋಸ್ತ್, ಟಾಟಾ ಏಸ್ ಹಾಗಲ್ಲ. ಹಿಂದೆ ಚಪ್ಪಟೆ ತೊಟ್ಟಿ, ಅದರಡಿಯಲ್ಲಿ ಚಕ್ರ. ಹಾಗಾಗಿ ನಮ್ಮ ಗಾಡಿಗಳಿಗೆ ಮುಂದೆ ಒಂದನೇ ಬಗೆ, ಹಿಂದೆ ಎರಡನೇ ಬಗೆ. ನಾಲ್ಕೂ ಒಂದೇ ಸೆಟ್‌ನಲ್ಲಿ ಸಿಗಬೇಕು ಅಂತ ಹಟ ಹಿಡೀಬಾರದು.

ಇನ್ನೊಂದು, ಡಬ್ಬಿ ಮೇಲೆ ‘ನೋ ಡ್ರಿಲ್’ ಅಂತಿದ್ದು ಒಳಗೆ ತಾನೇ ಕೊರೆದುಕೊಂಡು ಹೋಗೋ ಸ್ಕ್ರೂ ಕೊಟ್ಟಿರೋದೂ ಉಂಟು. ಡ್ರಿಲ್ ಮಷೀನ್ ಬೇಡ ಅಷ್ಟೇ, ತೂತು ಬಿದ್ದೇ ಬೀಳುತ್ತದೆ. ಅಂಗಡಿಯಲ್ಲಿ ಕೇಳೋ ಪ್ರಶ್ನೆ ಇದು: ‘ಅಣ್ಣಾ, ಇದ್ರ ಜೊತಿ ಏನೇನು ಸ್ಕ್ರೂ ಬರ್ತಾವ, ಒಮ್ಮೆ ಬಿಚ್ಚಿ ತೋರಸ್ರಿ.’

ರಬ್ಬರ್ ಯಾವುದು?

ಅಗ್ಗದ ಪ್ಲಾಸ್ಟಿಕ್ ಹಾಳೆ ನಮ್ಮ ಬಿಸಿಲಿಗೆ ಮೊದಲು ಮೆತ್ತಗಾಗುತ್ತದೆ, ಆಮೇಲೆ ಪೆಡಸಾಗಿ ಒಡೆಯುತ್ತದೆ. ತೀರಾ ತೆಳು ರಬ್ಬರ್ ಹೆದ್ದಾರಿಯಲ್ಲಿ ಗಾಳಿಗೆ ಹಿಂದಕ್ಕೆ ಹಾರುತ್ತದೆ. ನಿಂತಾಗ 15 ಸೆಂ.ಮೀ. ಎತ್ತರ, ಓಡುವಾಗ 30 ಆದರೆ ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ನೂಲು ಸೇರಿಸಿದ, 5ರಿಂದ 6 ಮಿ.ಮೀ. ದಪ್ಪದ ರಬ್ಬರ್ ಹಾಳೆ ನಮ್ಮ ಕೆಲಸಕ್ಕೆ ಸಾಕು. 30×40 ಸೆಂ.ಮೀ. ಅಳತೆಯ 6 ಮಿ.ಮೀ. ಹಾಳೆ ಸುಮಾರು 850 ಗ್ರಾಂ ತೂಗುತ್ತದೆ.

ಗಣಿ, ಕಾರ್ಖಾನೆ ಇರೋ ಜಿಲ್ಲೆ ನಮ್ಮದಾದ್ದರಿಂದ ಗುಜರಿಯಲ್ಲಿ ಹಳೇ ಕನ್ವೇಯರ್ ಬೆಲ್ಟಿನ ತುಂಡು ಸಿಕ್ಕರೆ ಅದೂ ಆಗುತ್ತದೆ. ಒಳಗೆ ಬಟ್ಟೆಯ ಪದರ ಇರೋದರಿಂದ ಸುಲಭಕ್ಕೆ ಹರಿಯೋದಿಲ್ಲ. ಆದರೆ 10 ಮಿ.ಮೀ. ದಪ್ಪದ್ದು ಒಂದೂವರೆ ಕೆ.ಜಿ. ಹತ್ತಿರ ಬರುತ್ತದೆ, ಬಾಗೋದೂ ಇಲ್ಲ. ಕ್ಲ್ಯಾಂಪಿಗೆ ಅಷ್ಟು ಭಾರ ಬೇಡ. ಒಳಗೆ ಉಕ್ಕಿನ ತಂತಿ ಇರೋ ಬೆಲ್ಟಂತೂ ಬೇಡವೇ ಬೇಡ, ಹರಿದರೆ ತಂತಿ ಹೊರಗೆ ಚಾಚುತ್ತದೆ.

ಆರಿಸುವಾಗ ಒಂದು ಸಣ್ಣ ಪರೀಕ್ಷೆ: ಹಾಳೆಯನ್ನು ಮಡಚಿ ಎರಡು ತುದಿ ಒತ್ತಿ ಹಿಡಿಯಿರಿ. ಮಡಿಕೆಯಲ್ಲಿ ಸಣ್ಣ ಬಿರುಕು ಕಂಡರೆ ಹಳೇ ಮಾಲು. ಬಿಟ್ಟ ತಕ್ಷಣ ನೆಟ್ಟಗಾದರೆ ಒಳ್ಳೇದು.

ಎರೆಮಣ್ಣಿನ ವಿಷಯ ಬೇರೆಯೇ. ನೀರು ಕುಡಿದು ಉಬ್ಬೋ, ಅಂಟೋ ಜೇಡಿ ಅದು. ಫ್ಲಾಪಿನ ಒಳಮೈಗೆ ಗೀರು, ಉಬ್ಬು ವಿನ್ಯಾಸ ಇದ್ದರೆ ಅಲ್ಲೇ ಕಚ್ಚಿಕೊಂಡು ಒಣಗಿ, ಫ್ಲಾಪಿನ ಭಾರ ಹೆಚ್ಚಿಸುತ್ತದೆ. ಸಿರುಗುಪ್ಪ, ಕುರುಗೋಡಿನ ಗದ್ದೆ ದಾರಿಯಲ್ಲಿ ಓಡೋ ಗಾಡಿಗೆ ಒಳಮೈ ನುಣುಪಾಗಿರೋದೇ ಸರಿ. ಹೂವು, ಹೆಸರು ಏನಿದ್ದರೂ ಹೊರಮೈಗೆ ಇರಲಿ.

ಕ್ಲ್ಯಾಂಪ್ ಹಿಡಿಯುತ್ತದಾ?

ಇದು ಎಲ್ಲರೂ ಕೇಳೋ ಪ್ರಶ್ನೆ. ಎಂ8 ಬೋಲ್ಟ್, ಅಂದ್ರೆ 13ರ ಸ್ಪ್ಯಾನರ್ ಕೂರೋ ಬೋಲ್ಟ್, ತಗೊಳ್ಳಿ. ಗೇಣುದ್ದದ ಸ್ಪ್ಯಾನರಿನ ತುದಿಗೆ 5 ಕೆ.ಜಿ.ಯಷ್ಟು ಬಲ ಹಾಕಿದರೆ ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್. ಅಷ್ಟಕ್ಕೇ ಬೋಲ್ಟು ಒಳಗೆ 600 ಕೆ.ಜಿ. ಹತ್ತಿರದ ಬಲದಿಂದ ಅದುಮುತ್ತದೆ. ಘರ್ಷಣೆಯ ಗುಣಾಂಕ 0.15 ಅಂತ ಕಡಿಮೆಯೇ ಹಿಡಿದರೂ ಒಂದು ಬೋಲ್ಟು 90 ಕೆ.ಜಿ. ಎಳೆತ ತಡೆಯುತ್ತದೆ. ಎಣ್ಣೆ, ಧೂಳು ಅಂತ ಅದರಲ್ಲಿ ಅರ್ಧ ಕಳೆಯಿರಿ. 1 ಕೆ.ಜಿ. ಫ್ಲಾಪು ಗುಂಡಿಯಲ್ಲಿ ಐದು ಪಟ್ಟು ಕುಲುಕಿದರೂ 5 ಕೆ.ಜಿ. ಅಷ್ಟೇ. ಒಂದು ಕಡೆಗೆ ಎರಡು ಬೋಲ್ಟ್ ಇದ್ದರೆ ಬೇಕಾದಷ್ಟಾಯಿತು.

ಕ್ಲ್ಯಾಂಪ್ ಸೋಲೋದು ಒಂದೇ ಸಂದರ್ಭದಲ್ಲಿ: ರಿವರ್ಸ್ ಹೋಗುವಾಗ ಟೈರು ಫ್ಲಾಪನ್ನು ನೆಲಕ್ಕೆ ತುಳಿದು ಎಳೆದಾಗ. ಆಗ ಬರೋದು ನೂರಾರು ಕೆ.ಜಿ. ಬಲ. ತೂತು ಹೊಡೆದು ಬಿಗಿದಿದ್ದರೆ ತಗಡೇ ಕಿತ್ತು ಬರಬಹುದು. ಕ್ಲ್ಯಾಂಪ್ ಆದರೆ ಜಾರುತ್ತದೆ, ಮತ್ತೆ ಕೂರಿಸಿದರಾಯಿತು. ಜಾರೋದು ಇಲ್ಲಿ ದೋಷವಲ್ಲ, ಗುಣ.

ಅಳತೆ, ಜೋಡಣೆ

1. ಅಳೆಯೋದು ಗಾಡಿ ತುಂಬಿದಾಗ. ಪಟ್ಟಿ ಸ್ಪ್ರಿಂಗು ಲೋಡಿಗೆ ಎಷ್ಟು ಕೂರುತ್ತದೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಖಾಲಿ ಇದ್ದಾಗೊಮ್ಮೆ, ತುಂಬಿದಾಗೊಮ್ಮೆ ತೊಟ್ಟಿಯ ಅಂಚಿನ ಎತ್ತರ ಅಳೆದು ವ್ಯತ್ಯಾಸ ಬರೆದಿಟ್ಟುಕೊಳ್ಳಿ. ತುಂಬಿದಾಗ ಫ್ಲಾಪಿನ ಅಂಚು ನೆಲದಿಂದ 12ರಿಂದ 15 ಸೆಂ.ಮೀ. ಇರಲಿ. ಖಾಲಿ ಇದ್ದಾಗ ಒಂದು ಗೇಣಿಗಿಂತ ಮೇಲೆ ಹೋಗದಿದ್ದರೆ ಸರಿಯಾಗಿದೆ ಅಂತ ಅರ್ಥ.

2. ಅಗಲ: ಟೈರಿನ ಅಗಲಕ್ಕಿಂತ ಎರಡೂ ಕಡೆ ಎರಡೆರಡು ಬೆರಳು ಹೆಚ್ಚು. 215 ಮಿ.ಮೀ. ಟೈರಿಗೆ 28 ಸೆಂ.ಮೀ. ಫ್ಲಾಪು.

3. ಟೈರಿಗೂ ಫ್ಲಾಪಿಗೂ ಹಿಂದೆ 10ರಿಂದ 15 ಸೆಂ.ಮೀ. ಸಂದು ಬಿಡಿ. ಲೋಡ್ ಬಿದ್ದು ಪಟ್ಟಿ ನೆಟ್ಟಗಾದಾಗ ಆಕ್ಸಲ್ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ ಅನ್ನೋದು ನೆನಪಿರಲಿ. ಮುಂದಿನ ಚಕ್ರಕ್ಕೆ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು.

4. ರಬ್ಬರಿನ ಮೇಲಂಚನ್ನು ಬ್ರಾಕೆಟ್ಟಿಗೂ ಒಂದು ಕಬ್ಬಿಣದ ಪಟ್ಟಿಗೂ ನಡುವೆ ಇಟ್ಟು ಮೂರು ಬೋಲ್ಟ್ ಬಿಗಿಯಿರಿ. ಪಟ್ಟಿ ಇಲ್ಲದೆ ಬರೀ ವಾಷರ್ ಹಾಕಿದರೆ ತೂತಿನ ಹತ್ತಿರವೇ ರಬ್ಬರ್ ಹರಿಯುತ್ತದೆ.

5. ಕ್ಲ್ಯಾಂಪ್ ಕೂರೋ ಕಡೆ ಮಣ್ಣು, ತುಕ್ಕು ಉಜ್ಜಿ ತೆಗೆದು ಬಣ್ಣ ಬಳಿದು ಒಣಗಿಸಿ. ನೈಲಾಕ್ ನಟ್ ಬಳಸಿ. 100 ಕಿ.ಮೀ. ಓಡಿದ ಮೇಲೆ ಒಮ್ಮೆ ಮತ್ತೆ ಬಿಗಿಯಿರಿ, ಹೊಸ ಬಣ್ಣ, ರಬ್ಬರ್ ಅದುಮಿಕೊಂಡು ಬೋಲ್ಟಿನ ಬಿಗಿ ಸಡಿಲಾಗಿರುತ್ತದೆ.

6. ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ವೈರಿಂಗ್, ಡೀಸೆಲ್ ಪೈಪು ಇವುಗಳ ಮೇಲೆ ಕ್ಲ್ಯಾಂಪ್ ಹಾಕಬಾರದು. ಹಿಂದಿನ ದೀಪ, ನಂಬರ್ ಪ್ಲೇಟ್, ರಿಫ್ಲೆಕ್ಟರ್ ಮರೆಯಾಗಬಾರದು.

7. ಕೊನೆಗೆ ದಾರದ ಪರೀಕ್ಷೆ. ಒಂದು ದಾರವನ್ನು ಟೈರಿನ ಕೆಳಭಾಗಕ್ಕೆ ತಾಗಿಸಿ, ಫ್ಲಾಪಿನ ಕೆಳಂಚಿಗೆ ಸವರಿಕೊಂಡು ಹೋಗೋ ಹಾಗೆ ಹಿಂದಕ್ಕೆ ಬಿಗಿಯಾಗಿ ಎಳೆಯಿರಿ. ದಾರ ಟೈರನ್ನು ಮುಟ್ಟಿಕೊಂಡೇ ಇರಬೇಕು, ಬಳಸಬಾರದು. ಮೊಬೈಲಿನ ಲೆವೆಲ್ ಆಪ್ ದಾರದ ಪಕ್ಕ ಹಿಡಿದು ಕೋನ ನೋಡಿ. 20 ಡಿಗ್ರಿ ಒಳಗಿದ್ದರೆ ಚೆನ್ನ. 25 ದಾಟಿದರೆ ಫ್ಲಾಪು ಇಳಿಸಿ, ಇಲ್ಲವೇ ಹಿಂದಕ್ಕೆ ಸರಿಸಿ.

ದುಡ್ಡಿನ ಮಾತು

ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಹಾಗಾಗಿ ಲೆಕ್ಕದ ದಾರಿಯನ್ನಷ್ಟೇ ಹೇಳ್ತೀವಿ. ಜೋಡಿಯ ಬೆಲೆಯನ್ನು ಅದು ಬಾಳೋ ತಿಂಗಳಿನಿಂದ ಭಾಗಿಸಿ. ಸುಮ್ಮನೆ ಉದಾಹರಣೆಗೆ, 300 ರೂಪಾಯಿಯದು 6 ತಿಂಗಳು ಬಂದರೆ ತಿಂಗಳಿಗೆ 50. 900 ರೂಪಾಯಿಯದು 2 ವರ್ಷ ಬಂದರೆ ತಿಂಗಳಿಗೆ 37 ರೂಪಾಯಿ 50 ಪೈಸೆ. ಕಡಿಮೆ ಬೆಲೆಯದು ಯಾವುದು ಅಂತ ಈಗ ನೀವೇ ಹೇಳಿ.

ಕ್ಲ್ಯಾಂಪ್ ಮತ್ತು ರಬ್ಬರನ್ನು ಬೇರೆ ಬೇರೆ ತಗೊಂಡರೆ ಇನ್ನೂ ಉಳಿತಾಯ. ಬ್ರಾಕೆಟ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಗಾಡಿಯಿಂದ ಹೊರಗೇ ಮಾಡಿಸಿ ಬಣ್ಣ ಹೊಡೆಸಿ. ಚಾಸಿಗೆ ವೆಲ್ಡ್ ಮಾಡಿಸಬೇಡಿ, ಅದು ತೂತಿಗಿಂತ ಒಳ್ಳೇದೇನಲ್ಲ. ಬ್ರಾಕೆಟ್ ಒಮ್ಮೆ ಮಾಡಿಸಿದರೆ ಗಾಡಿ ಇರೋವರೆಗೂ ಬರುತ್ತದೆ. ಹರಿದಾಗ ಬದಲಾಯಿಸಬೇಕಾದ್ದು ರಬ್ಬರ್ ತುಂಡು ಮಾತ್ರ. ಕೈಯಲ್ಲಿ ಕಡಿಮೆ ದುಡ್ಡಿದ್ದರೆ ಹಿಂದಿನ ಎರಡನ್ನು ಮೊದಲು ಹಾಕಿಸಿ. ಲೋಡು ಬೀಳೋದು ಅಲ್ಲಿ, ಹಿಂದಿನವರಿಗೆ ನೇರವಾಗಿ ಎಸೆಯೋದೂ ಅಲ್ಲಿಂದ.

ಬೈಕಿನವರಿಗೂ ಒಂದು ಮಾತು. ಮೇಲಿನ ಲೆಕ್ಕದಲ್ಲೇ, 20 ಸೆಂ.ಮೀ. ಎತ್ತರದ ಫ್ಲಾಪಿನಡಿ ನುಸುಳಿದ ಕಲ್ಲು 40 ಕಿ.ಮೀ. ವೇಗದಲ್ಲಿ ಸುಮಾರು 10 ಮೀಟರ್ ಹಿಂದೆ ಬೀಳುತ್ತದೆ, 60ರಲ್ಲಿ 22 ಮೀಟರ್ ಹಿಂದೆ. ಅಷ್ಟು ದೂರ ಬಿಟ್ಟು ಹೋಗಿ, ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ. ಆದರೆ ಆಸ್ಪತ್ರೆಗೋ ಪರೀಕ್ಷೆಗೋ ಹೊರಟವನು, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡ ತಾಯಿ, ಸೈಕಲ್ ಮೇಲೆ ಶಾಲೆಗೆ ಹೋಗೋ ಹುಡುಗಿ ಇವರೆಲ್ಲ ಯಾವಾಗಲೂ 22 ಮೀಟರ್ ಅಳೆದುಕೊಂಡು ಹೋಗಲಾರರು. ಅವರ ಕಣ್ಣು ಕಾಯೋ ಕೆಲಸವನ್ನು ಅವರಿಗಿಂತ ಸುಲಭವಾಗಿ ಮಾಡಬಲ್ಲವರು ಮುಂದಿನ ಗಾಡಿಯವರೇ. ಎರಡು ತುಂಡು ರಬ್ಬರ್, ನಾಲ್ಕು ಕ್ಲ್ಯಾಂಪ್ ಬೋಲ್ಟ್, 13ರ ಒಂದು ಸ್ಪ್ಯಾನರ್. ಮುಂದಿನ ನಾಟಿ ಶುರುವಾಗೋದರೊಳಗೆ ನಿಮ್ಮ ಮನೆ ಗಾಡಿಯ ಹಿಂದೆ ಒಮ್ಮೆ ಕುಕ್ಕರಗಾಲಲ್ಲಿ ಕೂತು ದಾರ ಹಿಡಿದು ನೋಡ್ರಿ.